ವಿಶ್ವವಿದ್ಯಾಲಯದ ಗ್ರಂಥಾಲಯ: ಗಡಿನಾಡ ಕನ್ನಡಿಗರಿಗೊಂದು ಕೈಪಿಡಿ



ಪೆನುಕೊಂಡ, ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ ಕಡೆಯ ಸದಸ್ಯರು ಸಂಘಕ್ಕೆ ಕೇಳುವ ಪ್ರಶ್ನೆಗಳಲ್ಲಿ ಎರಡು ಮತ್ತೆ ಮತ್ತೆ ಬರುತ್ತವೆ. ಒಂದು, ನಮ್ಮೂರ ಗುಡಿ ಮುಂದಿನ ಕಲ್ಲಿನ ಮೇಲೆ ಹಳೆಯ ಕನ್ನಡ ಅಕ್ಷರಗಳಿವೆ, ಅದರಲ್ಲಿ ಏನು ಬರೆದಿದೆ? ಇನ್ನೊಂದು, ಮಕ್ಕಳು ಕನ್ನಡದಲ್ಲಿ ಮುಂದೆ ಓದಬೇಕೆನ್ನುತ್ತಾರೆ, ಪುಸ್ತಕ ಎಲ್ಲಿ ಸಿಗುತ್ತದೆ? ಎರಡಕ್ಕೂ ಉತ್ತರ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಅದು ವಿದ್ಯಾರ್ಥಿಗಳಿಗೆ ಮಾತ್ರ ಎಂದುಕೊಂಡು ನಮ್ಮಲ್ಲಿ ಹಲವರು ಆ ಕಡೆ ಹೋಗುವುದೇ ಇಲ್ಲ.

ಅಲ್ಲಿ ಏನೇನು ಇರುತ್ತದೆ

ಊರಿನ ಸಾರ್ವಜನಿಕ ಗ್ರಂಥಾಲಯ ದಿನಪತ್ರಿಕೆ, ಕಥೆ, ಕಾದಂಬರಿಗೆ ಸಾಕು. ವಿಶ್ವವಿದ್ಯಾಲಯದ ಗ್ರಂಥಾಲಯ ಇರುವುದು ಬೋಧನೆ ಮತ್ತು ಸಂಶೋಧನೆಗೆ. ಆದ್ದರಿಂದ ಅಲ್ಲಿ ಎರವಲು ವಿಭಾಗದ ಜೊತೆಗೆ ಪರಾಮರ್ಶನ ವಿಭಾಗ, ನಿಯತಕಾಲಿಕೆಗಳ ಹಳೆಯ ಸಂಪುಟಗಳು, ಪಿಎಚ್.ಡಿ. ಪ್ರಬಂಧಗಳು, ಗಣಕಯಂತ್ರದಲ್ಲಿ ಓದುವ ಸೌಲಭ್ಯ, ನೆರಳಚ್ಚು ಸೇವೆ ಇರುತ್ತವೆ. ತಮ್ಮಲ್ಲಿಲ್ಲದ ಪುಸ್ತಕವನ್ನು ಬೇರೆ ಗ್ರಂಥಾಲಯದಿಂದ ತರಿಸಿಕೊಡುವ ಅಂತರ ಗ್ರಂಥಾಲಯ ಎರವಲು ಸೇವೆಯೂ ಹಲವು ಕಡೆ ಉಂಟು.

ನಮ್ಮ ಊರು ಯಾವ ಪುಸ್ತಕದಲ್ಲಿದೆ

ನಮ್ಮ ಪ್ರದೇಶ ಮದರಾಸು ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದ ಕನ್ನಡ ಶಾಸನಗಳನ್ನು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 9ನೇ ಸಂಪುಟದಲ್ಲಿ ಅಚ್ಚು ಹಾಕಿದ್ದಾರೆ. ಮೊದಲ ಭಾಗ 1939ರಲ್ಲಿ ಬಂತು. ನೊಳಂಬರ ರಾಜಧಾನಿ ಹೆಂಜೇರು, ಅಂದರೆ ಇಂದಿನ ಹೇಮಾವತಿಯ ಶಾಸನಗಳು ಅದರಲ್ಲಿವೆ. ಎರಡನೆಯ ಭಾಗದಲ್ಲಿ ವಿಜಯನಗರ ಅರಸರ ಕಾಲದವು. 1565ರ ಯುದ್ಧದ ನಂತರ ರಾಜಧಾನಿಯಾದ ಪೆನುಕೊಂಡದ ಚರಿತ್ರೆ ಓದುವವರು ಅದನ್ನು ನೋಡಲೇಬೇಕು. ಕಲ್ಲು ಸವೆದರೂ, ಸುಣ್ಣ ಬಳಿದು ಮುಚ್ಚಿಹೋದರೂ, ಅಚ್ಚಾದ ಪಾಠ ಅಳಿಯುವುದಿಲ್ಲ. ಈ ನೆಲದಲ್ಲಿ ಕನ್ನಡ ಎಂದಿನಿಂದ ಇದೆ ಎಂದು ಯಾರಾದರೂ ಕೇಳಿದರೆ ವಾದ ಮಾಡಬೇಕಿಲ್ಲ, ಪುಟ ತೆರೆದು ತೋರಿಸಿದರೆ ಸಾಕು. ಇಂಥ ಸಂಪುಟಗಳನ್ನು ಮನೆಗೆ ಕೊಡುವುದಿಲ್ಲ, ಪರಾಮರ್ಶನ ವಿಭಾಗದಲ್ಲೇ ಕುಳಿತು ಓದಬೇಕು.

ಹುಡುಕುವ ಕ್ರಮ

ಗುಮಾಸ್ತನಾಗಿ ಕಡತ ಹುಡುಕಿದವನಿಗೆ ಗೊತ್ತಿರುವ ಮಾತು: ಸರಿಯಾದ ಹೆಸರು, ಸರಿಯಾದ ಸಂಖ್ಯೆ ಇಲ್ಲದೆ ಏನೂ ಸಿಗುವುದಿಲ್ಲ. ಹೊರಡುವ ಮುನ್ನ ಒಂದು ಹಾಳೆಯಲ್ಲಿ ಈ ಅಂಶಗಳನ್ನು ಬರೆದುಕೊಳ್ಳಿ.

1. ಊರಿನ ಹೆಸರು, ಅದರ ಹಳೆಯ ಹೆಸರು, ಇಂಗ್ಲಿಷಿನಲ್ಲಿ ಬರೆಯುವ ಬಗೆಗಳು. ಗಣಕೀಕೃತ ಸೂಚಿಯಲ್ಲಿ ಕನ್ನಡ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಏರಿಸಿರುವುದುಂಟು. ಎರಡೂ ರೀತಿ ಹುಡುಕಿ.

2. ಊರು ಯಾವಾಗ ಯಾವ ಜಿಲ್ಲೆಯಲ್ಲಿತ್ತು ಎಂಬುದು. ಅನಂತಪುರ ಜಿಲ್ಲೆ ಬಳ್ಳಾರಿಯಿಂದ ಬೇರೆಯಾದದ್ದು 1882ರಲ್ಲಿ. ಅದಕ್ಕೂ ಹಿಂದಿನ ದಾಖಲೆಗೆ ಬಳ್ಳಾರಿ ಎಂದು ಹುಡುಕಬೇಕು. 2022ರ ಏಪ್ರಿಲ್‌ನಿಂದ ಪೆನುಕೊಂಡ, ಹಿಂದೂಪುರ, ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿವೆ. ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿದಿದೆ. ಡಬ್ಲ್ಯು. ಫ್ರಾನ್ಸಿಸ್ ಬರೆದ ಅನಂತಪುರ ಗ್ಯಾಸೆಟಿಯರ್ (1905) ಎಲ್ಲ ತಾಲ್ಲೂಕುಗಳಿಗೂ ಉಪಯುಕ್ತ.

3. ಕಪಾಟಿನ ಸಂಖ್ಯೆ. ಡ್ಯೂಯಿ ದಶಮಾಂಶ ಪದ್ಧತಿ ಇರುವಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ತೆಲುಗು ಸಾಹಿತ್ಯಕ್ಕೆ 894.827. ಊರಿನಲ್ಲಿದ್ದಂತೆ ಕಪಾಟಿನಲ್ಲೂ ಎರಡೂ ನೆರೆಹೊರೆ. ಚರಿತ್ರೆಗೆ ಕರ್ನಾಟಕ 954.87, ಆಂಧ್ರಪ್ರದೇಶ 954.84. ನಮ್ಮ ಊರಿನ ವಿಷಯ ಎರಡು ಕಡೆಯೂ ಇರಬಹುದು, ಒಂದನ್ನೇ ನೋಡಿ ಹಿಂದಿರುಗಬೇಡಿ.

ಎಲ್ಲಿಗೆ ಹೋಗಬಹುದು

ಹತ್ತಿರದಲ್ಲಿ ಅನಂತಪುರದ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯ (1981) ಇದೆ. ಕಲ್ಯಾಣದುರ್ಗದವರಿಗೆ ಬಳ್ಳಾರಿ, ಹಿಂದೂಪುರದವರಿಗೆ ತುಮಕೂರು ಮತ್ತು ಬೆಂಗಳೂರಿನ ವಿಶ್ವವಿದ್ಯಾಲಯಗಳು ಅನುಕೂಲ. ಕನ್ನಡ ಸಂಶೋಧನೆಗೆಂದೇ 1991ರಲ್ಲಿ ಸ್ಥಾಪನೆಯಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಅಕ್ಷರ ಗ್ರಂಥಾಲಯವಿದೆ. ಕುಪ್ಪಂನ ದ್ರಾವಿಡ ವಿಶ್ವವಿದ್ಯಾಲಯದಲ್ಲೂ (1997) ಕನ್ನಡ ವಿಭಾಗವಿದೆ.

ಹೊರಗಿನವರು ಸಾಮಾನ್ಯವಾಗಿ ಗ್ರಂಥಪಾಲಕರ ಅನುಮತಿ ಪಡೆದು ಒಳಗೆ ಕುಳಿತು ಓದಬೇಕು. ಗುರುತಿನ ಚೀಟಿ ಮತ್ತು ಉದ್ದೇಶ ತಿಳಿಸುವ ಒಂದು ಪತ್ರ ಒಯ್ಯಿರಿ. ನಿಯಮ, ಶುಲ್ಕ, ವೇಳೆ ಒಂದೊಂದು ಕಡೆ ಒಂದೊಂದು ರೀತಿ. ಫೋನ್ ಮಾಡಿ ಕೇಳಿಕೊಂಡು ಹೊರಡುವುದು ಒಳ್ಳೆಯದು. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಆದ್ದರಿಂದ ಪೂರ್ತಿ ಪುಸ್ತಕದ ನೆರಳಚ್ಚು ಕೇಳಬೇಡಿ, ಬೇಕಾದ ಪುಟಗಳನ್ನು ಕೇಳಿ.

ಮನೆಯಿಂದಲೇ ಓದುವವರಿಗೆ

ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ‘ಶೋಧಗಂಗಾ’ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಕನ್ನಡದಲ್ಲಿ ಬರೆದವೂ ಅಲ್ಲಿವೆ. ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಮತ್ತೊಂದು. ಹಿಂದೂಪುರದ ಹುಡುಗಿಯೊಬ್ಬಳು ಬಸ್ಸಿನ ಖರ್ಚಿಲ್ಲದೆ ಮೊಬೈಲಿನಲ್ಲೇ ಇವನ್ನು ಓದಬಹುದು.

ನಾವು ಕೊಡಬಹುದಾದದ್ದು

ಮೈಸೂರಿನ ಪ್ರಾಚ್ಯ ಗ್ರಂಥಾಲಯ ಶುರುವಾದದ್ದು 1891ರಲ್ಲಿ. ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿಯ ಕಟ್ಟೊಂದು ಅಲ್ಲಿತ್ತು. ಅದು ಕೌಟಿಲ್ಯನ ಅರ್ಥಶಾಸ್ತ್ರ ಎಂದು ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಕಟ್ಟು ಆ ಮನೆಯ ಅಟ್ಟದಲ್ಲೇ ಇದ್ದಿದ್ದರೆ ಗೆದ್ದಲಿನ ಪಾಲಾಗುತ್ತಿತ್ತೋ ಏನೋ. ನಮ್ಮ ಕಡೆಯ ಹಳೆಯ ಮನೆಗಳಲ್ಲೂ ತಾಳೆಗರಿ, ಬಟ್ಟೆಯ ಕಡತ, ಶಾನುಭೋಗರ ಲೆಕ್ಕದ ಪುಸ್ತಕ ಇರಬಹುದು. ಮಕ್ಕಳಿಗೆ ಆ ಲಿಪಿ ಓದಲು ಬಾರದು, ಮನೆ ಕೆಡವುವ ದಿನ ಅವು ತಿಪ್ಪೆ ಸೇರುತ್ತವೆ. ಎಸೆಯಬೇಡಿ, ಎಣ್ಣೆ ಹಚ್ಚಬೇಡಿ, ಅಂಟುಪಟ್ಟಿ ಹಾಕಬೇಡಿ. ಒಣ ಬಟ್ಟೆಯಲ್ಲಿ ಸುತ್ತಿಟ್ಟು ಹಸ್ತಪ್ರತಿ ವಿಭಾಗವಿರುವ ವಿಶ್ವವಿದ್ಯಾಲಯಕ್ಕೆ ತಿಳಿಸಿ. ಕೊಡಲು ಮನಸ್ಸಿಲ್ಲದಿದ್ದರೆ ಛಾಯಾಪ್ರತಿಯನ್ನಾದರೂ ತೆಗೆಸಿ. ಕೊಟ್ಟರೆ ಸ್ವೀಕೃತಿ ಪತ್ರ ಪಡೆಯಿರಿ.

ಪರಿಚಯ ಪತ್ರ ಬೇಕಾದ ಸದಸ್ಯರು ಊರು, ಓದಬೇಕಾದ ವಿಷಯ, ಹೋಗುವ ಗ್ರಂಥಾಲಯದ ಹೆಸರು ಬರೆದು ಕಳಿಸಿದರೆ ಸಂಘದ ಮೊಹರಿನೊಂದಿಗೆ ಕೊಡಲಾಗುವುದು. ಹೋಗಿ ಬಂದವರು ತಮ್ಮ ಊರಿನ ಶಾಸನದ ಸಂಪುಟ, ಪುಟ ಸಂಖ್ಯೆಯನ್ನು ತಿಳಿಸಿದರೆ ಈ ಪುಟದಲ್ಲಿ ಪ್ರಕಟಿಸುತ್ತೇವೆ.

— ಕಾರ್ಯದರ್ಶಿ