ಲೆವಿ, ವಂತಿಗೆ ಮತ್ತು ನವಲಗುಂದ

ಇಂಗ್ಲಿಷಿನ ‘ಟ್ಯಾಕ್ಸ್’ ಬಲು ಚಿಕ್ಕ ಮಾತು. ಅದರ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಮುಟ್ಟಿ ನೋಡು, ಬೆಲೆ ಕಟ್ಟು, ತಪ್ಪು ಹೊರಿಸು ಎಂಬ ಅರ್ಥಗಳೆಲ್ಲ ಆ ಬೇರಿನಲ್ಲೇ ಇದ್ದವು. ವಹಿಸಿಕೊಟ್ಟ ಕೆಲಸ ಎಂಬರ್ಥದ ‘ಟಾಸ್ಕ್’ ಕೂಡ ಅದೇ ಬೇರಿನ ಇನ್ನೊಂದು ಚಿಗುರು. ಮೈ ದಣಿಯುವುದಕ್ಕೂ ತಾಳ್ಮೆ ಸೋಲುವುದಕ್ಕೂ ಇಂಗ್ಲಿಷಿನವರು ಇದೇ ಶಬ್ದ ಬಳಸುತ್ತಾರೆ. ಇದರ ನೆಂಟರೂ ಹಲವರು: ಡ್ಯೂಟಿ, ಟೋಲ್, ರೇಟ್, ಸೆಸ್, ಲೆವಿ. ಡ್ಯೂಟಿ ಎಂದರೆ ಕರ್ತವ್ಯವೂ ಹೌದು, ಸುಂಕವೂ ಹೌದು. ಈ ಬಳಗದ ಕೊನೆಯ ಶಬ್ದವಾದ ‘ಲೆವಿ’ 1980ರಲ್ಲಿ ಧಾರವಾಡ ಜಿಲ್ಲೆಯ ಎರಿ ಹೊಲಗಳಲ್ಲಿ ಬೆಂಕಿ ಎಬ್ಬಿಸಿತು.

ಆ ಕಥೆಗೆ ಮುನ್ನ ಕನ್ನಡದ ಪದಗಳ ಲೆಕ್ಕವನ್ನೂ ನೋಡಬೇಕು. ಅಣ್ಣಿಗೇರಿ ಒಂದು ಕಾಲಕ್ಕೆ ಬೆಳ್ವೊಲ ಮುನ್ನೂರರ ಮುಖ್ಯ ಪಟ್ಟಣ. ಅಲ್ಲಿಯ ಅಮೃತೇಶ್ವರ ಗುಡಿ ಕಲ್ಯಾಣದ ಚಾಲುಕ್ಯರ ಕಾಲದ್ದು. ಆ ಕಾಲದ ಶಾಸನಗಳಲ್ಲಿ ಸಿದ್ಧಾಯ, ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮುಂತಾದ ತೆರಿಗೆಗಳ ಹೆಸರು ಸಿಗುತ್ತವೆ. ಪೆರ್ಜುಂಕವೆಂದರೆ ಹಿರಿಯ ಸುಂಕ. ದತ್ತಿಯಾಗಿ ಭೂಮಿ ಬಿಡುವಾಗ ಅದನ್ನು ‘ಸರ್ವಬಾಧಾ ಪರಿಹಾರ’ವಾಗಿ ಕೊಟ್ಟೆವೆಂದು ಬರೆಸುವ ವಾಡಿಕೆಯಿತ್ತು. ತಾವು ಹೇರಿದ ತೆರಿಗೆ ‘ಬಾಧೆ’ ಎಂಬುದನ್ನು ಅರಸರು ಕಲ್ಲಿನಲ್ಲೇ ಕೊರೆಸಿ ಒಪ್ಪಿಕೊಂಡಿದ್ದರು. ಅಷ್ಟು ಪ್ರಾಮಾಣಿಕತೆ ಇಂದಿನ ಯಾವ ಮುಂಗಡಪತ್ರದಲ್ಲೂ ಸಿಗಲಾರದು.

‘ತೆರು’ ಎಂದರೆ ಸಲ್ಲಿಸು, ಬೆಲೆ ಕೊಡು. ತೆರಿಗೆ ಅದರಿಂದ ಹುಟ್ಟಿದ್ದು. ಉತ್ತರ ಕರ್ನಾಟಕದಲ್ಲಿ ಮದುವೆಯಲ್ಲಿ ಹೆಣ್ಣಿನ ಕಡೆಯವರಿಗೆ ಕೊಡುತ್ತಿದ್ದ ಹಣಕ್ಕೂ ‘ತೆರ’ ಎಂದೇ ಹೆಸರು. ‘ಕಂದಾಯ’ಕ್ಕೆ ಕಂತು ಎಂಬ ಅರ್ಥವೂ ಉಂಟು. ಪಂಚಾಂಗದ ‘ಕಂದಾಯ ಫಲ’ದಲ್ಲಿ ವರ್ಷವನ್ನು ನಾಲ್ಕು ನಾಲ್ಕು ತಿಂಗಳ ಮೂರು ಭಾಗ ಮಾಡುವುದು ಇದಕ್ಕೆ ಸಾಕ್ಷಿ. ಶಾಲೆಯ ಮಕ್ಕಳಿಗೆ ಬೋಧಿಸುವ ‘ಶಿಸ್ತು’ ಕೂಡ ಹಿಂದೆ ಹೊಲದ ಮೇಲೆ ಗೊತ್ತುಪಡಿಸಿದ ಕಂದಾಯವಾಗಿತ್ತು. 17ನೆಯ ಶತಮಾನದಲ್ಲಿ ಭೂಮಿಯ ಗುಣ ನೋಡಿ ಕಂದಾಯ ನಿಗದಿ ಮಾಡಿದ ಕೆಳದಿಯ ಅರಸ ‘ಶಿಸ್ತಿನ ಶಿವಪ್ಪನಾಯಕ’ನೆಂದು ಹೆಸರಾದದ್ದು ಹೀಗೆ. ಹುಬ್ಬಳ್ಳಿಯ ಪೇಟೆಗೆ ಗಾಡಿ ಹೊಡೆಯುತ್ತಿದ್ದವರಿಗೆ ‘ಜಕಾತಿ’ ಗೊತ್ತು. ಅರಬ್ಬಿಯಲ್ಲಿ ಧಾರ್ಮಿಕ ದಾನವಾಗಿದ್ದ ‘ಜಕಾತ್’ ಮರಾಠಿಯ ಮೂಲಕ ಇಲ್ಲಿಗೆ ಬರುವಷ್ಟರಲ್ಲಿ ಊರ ಬಾಗಿಲ ಸುಂಕವಾಗಿತ್ತು. 1979ರಲ್ಲಿ ರಾಜ್ಯ ಸರ್ಕಾರ ಅದನ್ನು ರದ್ದುಪಡಿಸಿತು. ಸುಂಕದವರ ಮುಂದೆ ಸುಖ-ದುಃಖ ಹೇಳಿಕೊಂಡು ಫಲವಿಲ್ಲವೆಂಬ ಗಾದೆ ಮಾತ್ರ ರದ್ದಾಗಲಿಲ್ಲ.

ಸಂಸ್ಕೃತದ ‘ಕರ’ಕ್ಕೆ ಕೈ, ಕಿರಣ, ಆನೆಯ ಸೊಂಡಿಲು, ತೆರಿಗೆ ಎಂಬ ಅರ್ಥಗಳಿವೆ. ‘ಬಲಿ’ ಎಂಬ ಪದಕ್ಕೂ ಕಪ್ಪಕಾಣಿಕೆ, ತೆರಿಗೆ ಎಂಬ ಹಳೆಯ ಅರ್ಥ ಇದೆ. ಸೂರ್ಯನು ನೀರು ಹೀರುವುದು ಸಾವಿರಪಟ್ಟು ಮಳೆಯಾಗಿ ಮರಳಿಸಲೆಂದೇ, ಒಳ್ಳೆಯ ಅರಸನೂ ಹಾಗೆಯೇ ಬಲಿ ಎತ್ತುತ್ತಾನೆ ಎಂಬುದು ‘ರಘುವಂಶ’ದಲ್ಲಿ ಕಾಳಿದಾಸನ ಕಲ್ಪನೆ.

ನವಲಗುಂದದಲ್ಲಿ ಜಗಳ ಹುಟ್ಟಿದ್ದೂ ನೀರಿನಿಂದಲೇ. ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಮೇಲೆ 1970ರ ದಶಕದಲ್ಲಿ ಕಾಲುವೆಗಳು ಈ ಬಯಲುಸೀಮೆಗೆ ಬಂದವು. ನೀರಾವರಿಯಿಂದ ಜಮೀನಿನ ಬೆಲೆ ಏರುತ್ತದೆ, ಏರಿದ ಬೆಲೆಯಲ್ಲಿ ಹಣ ಹಾಕಿದ ಸರ್ಕಾರಕ್ಕೂ ಪಾಲು ಸಲ್ಲಬೇಕು ಎಂಬುದು 1957ರ ಕಾಯ್ದೆಯ ತರ್ಕ. ಇದೇ ‘ಬೆಟರ್‌ಮೆಂಟ್ ಲೆವಿ’, ಕನ್ನಡದಲ್ಲಿ ಅಭಿವೃದ್ಧಿ ಕರ. ರೈತರಿಗೆ ‘ಲೆವಿ’ ಹೊಸ ಮಾತೇನಲ್ಲ. ಬೆಳೆದ ಕಾಳಿನಲ್ಲಿ ಇಂತಿಷ್ಟನ್ನು ಸರ್ಕಾರ ಹೇಳಿದ ದರಕ್ಕೆ ಅಳೆದುಕೊಡಬೇಕಾಗಿದ್ದ ಧಾನ್ಯದ ಲೆವಿ ಅವರಿಗೆ ಚೆನ್ನಾಗಿ ಪರಿಚಯವಿತ್ತು.

ಆದರೆ ಕಾಯ್ದೆಯ ಹೆಸರಿನಲ್ಲಿದ್ದ ಶಬ್ದ ಟ್ಯಾಕ್ಸ್ ಅಲ್ಲ, ‘ಕಾಂಟ್ರಿಬ್ಯೂಶನ್’. ಎಂದರೆ ವಂತಿಗೆ. ಹಳ್ಳಿಯಲ್ಲಿ ಜಾತ್ರೆಗೆ, ಗುಡಿಯ ಕೆಲಸಕ್ಕೆ ಪಟ್ಟಿ ಹಾಕಿದಾಗ ಮನೆಮನೆಯವರು ಕೊಡುವುದು ವಂತಿಗೆ. ಕೊಟ್ಟವರಿಗೆ ಜಾತ್ರೆಯ ದಿನ ತೇರು ಕಣ್ಣಿಗೆ ಕಾಣುತ್ತದೆ. ಇಲ್ಲಿ ಕಾಲುವೆಯ ತುದಿಯ ಹೊಲಗಳಿಗೆ ನೀರೇ ತಲುಪಿರಲಿಲ್ಲ. ತಲುಪಿದ ಕಡೆ, ನೀರು ಹಿಡಿದಿಟ್ಟುಕೊಳ್ಳುವ ಎರಿ ಭೂಮಿಯಲ್ಲಿ ಬಸಿಗಾಲುವೆ ಸಾಲದೆ ಜವಳು, ಸವಳು ಎದ್ದವು. ನೀರಾವರಿಯನ್ನು ನಂಬಿ ಬಿತ್ತಿದ ಹತ್ತಿಯ ದರ ಕುಸಿಯಿತು. ಹೊಲದ ಬೆಲೆ ಏರಿದ್ದು ಕಾಗದದಲ್ಲಿ, ಬಾಕಿಯ ನೋಟೀಸು ಬಂದದ್ದು ಮನೆಗೆ.

ನೀರಿನ ಕರವನ್ನೂ ಅಭಿವೃದ್ಧಿ ಕರವನ್ನೂ ಕೈಬಿಡಬೇಕೆಂದು ರೈತರು ಹೋರಾಟ ಹೂಡಿದರು. 1980ರ ಜುಲೈ 21ರಂದು ನವಲಗುಂದ ಮತ್ತು ನರಗುಂದಗಳಲ್ಲಿ ಸಾವಿರಾರು ಜನ ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು. ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ಚಿಕ್ಕನರಗುಂದದ ವೀರಪ್ಪ ಕಡ್ಲಿಕೊಪ್ಪ ಗುಂಡಿಗೆ ಬಲಿಯಾದರು. ಉದ್ರಿಕ್ತ ಜನರ ಕೈಯಲ್ಲಿ ನರಗುಂದದಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಆ ದಿನದ ನೆನಪಿನಲ್ಲಿ ಈ ಸಾವುಗಳನ್ನು ಮರೆಯುವುದು ನ್ಯಾಯವಲ್ಲ. ಚಳವಳಿ ನಾಡಿನ ಬೇರೆ ಭಾಗಗಳಿಗೂ ಹಬ್ಬಿತು. ಆರ್. ಗುಂಡೂರಾವ್ ಸರ್ಕಾರ ರಿಯಾಯಿತಿಗಳನ್ನು ಘೋಷಿಸಬೇಕಾಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1983ರ ಜನವರಿಯ ಚುನಾವಣೆಯಲ್ಲಿ ಕಾಂಗ್ರೆಸ್ ಅಧಿಕಾರ ಕಳೆದುಕೊಂಡಿತು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೆ ಈ ಗುಂಡುಗಳ ಸದ್ದು ಮತಗಟ್ಟೆಯವರೆಗೂ ಕೇಳಿಸಿತ್ತು. ನರಗುಂದ ತಾಲ್ಲೂಕು 1997ರಲ್ಲಿ ಗದಗ ಜಿಲ್ಲೆಗೆ ಸೇರಿತು.

ಬೆಳ್ವೊಲದ ಹಳೆಯ ವೀರಗಲ್ಲುಗಳಲ್ಲಿ ಶತ್ರುಗಳು ಹೊಡೆದೊಯ್ದ ದನಗಳನ್ನು ಮರಳಿಸಲು ಕಾದಿ ಸತ್ತವರ ಚಿತ್ರಗಳಿವೆ. ನವಲಗುಂದದಲ್ಲಿ ಈಗ ಕರಕ್ಕಾಗಿ ಸತ್ತವರದೂ ಒಂದು ವೀರಗಲ್ಲಿದೆ. ಪ್ರತಿವರ್ಷ ಜುಲೈ 21ರಂದು ರೈತರು ಅದಕ್ಕೆ ಮಾಲೆ ಹಾಕುತ್ತಾರೆ. ಅವರ ಮನೆಗಳಲ್ಲಿರುವ ಪಹಣಿಯಲ್ಲಿ ಭೂಕಂದಾಯ, ಜೋಡಿ, ಸೆಸ್ಸು ಎಂಬ ಅಂಕಣಗಳ ಸಾಲಿನಲ್ಲಿ ‘ನೀರಿನ ದರ’ ಎಂಬ ಅಂಕಣವೂ ಇದೆ.