ಎಲೆಕ್ಟ್ರಿಕ್ ಗಿಟಾರಿನ ಪಿಕಪ್: ನಾದಭೇದದ ಇತಿಹಾಸ

ಉಕ್ಕಿನ ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುವ, ಎಲೆಕ್ಟ್ರಿಕ್ ಗಿಟಾರಿನ ಜೀವಭಾಗವೇ ಪಿಕಪ್. ಒಂದು ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತಾಮ್ರದ ಎಳೆ: ರಚನೆ ಇಷ್ಟೇ. ಅಯಸ್ಕಾಂತದ ಪ್ರಭಾವದಲ್ಲಿರುವ ತಂತಿ ಅಲುಗಿದಾಗ ಸುರುಳಿಯನ್ನು ಹಾಯುವ ಕಾಂತರೇಖೆಗಳು ಏರಿಳಿಯುತ್ತವೆ, 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಕೊಂಡ ನಿಯಮದಂತೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಮೈಕಿನಂತೆ ಇದು ಗಾಳಿಯಲ್ಲಿ ಬರುವ ಸದ್ದಿಗೆ ಕಿವಿಗೊಡುವ ಸಾಧನವಲ್ಲ. ನೈಲಾನ್ ತಂತಿ ಕಟ್ಟಿ ಎಷ್ಟು ಜೋರಾಗಿ ಮೀಟಿದರೂ ಆಂಪ್ಲಿಫೈಯರ್ ಸುಮ್ಮನಿರುತ್ತದೆ. ಒಂದು ಗಿಟಾರು ಗೆಜ್ಜೆಯಂತೆ ಝಣಝಣಿಸಿ ಇನ್ನೊಂದು ತುಂಬಿದ ಕೊಡದಂತೆ ಗಂಭೀರವಾಗಿ ನುಡಿಯುವುದಕ್ಕೆ ಮುಖ್ಯ ಕಾರಣ ಈ ಸುರುಳಿ, ಅದು ಕೂತ ಜಾಗ, ಅದರ ಬೆನ್ನಿಗೆ ಬಿದ್ದ ಕೇಬಲ್. ಈ ಭೇದಗಳಲ್ಲಿ ಹೆಚ್ಚಿನವು ನಾದಕ್ಕೆಂದೇ ಯೋಚಿಸಿ ಮಾಡಿದವಲ್ಲ. ಬೇರೆ ಯಾವುದೋ ತೊಂದರೆಯನ್ನು ಬಗೆಹರಿಸಲು ಹೋದವರ ಕೈಯಲ್ಲಿ ಹುಟ್ಟಿಕೊಂಡವು.

ಮೊದಲ ತೊಂದರೆ ಗಿಟಾರು ಕೇಳಿಸದೇ ಇದ್ದದ್ದು. ಲಾಸ್ ಏಂಜಲೀಸಿನ ಜಾರ್ಜ್ ಬೋಶಾಂ ಹವಾಯಿಯನ್ ಗಿಟಾರ್ ವಾದಕ. ವಾದ್ಯಮೇಳದ ಗದ್ದಲದಲ್ಲಿ ತನ್ನ ವಾದ್ಯ ಮುಳುಗಿಹೋಗುವುದನ್ನು ತಾಳಲಾರದೆ ಗ್ರಾಮಫೋನ್ ಪಿಕಪ್ಪುಗಳೊಂದಿಗೆ ಪ್ರಯೋಗಕ್ಕಿಳಿದ. ಸುರುಳಿ ಸುತ್ತಲು ಆತ ಬಳಸಿದ್ದು ಬಟ್ಟೆ ಒಗೆಯುವ ಯಂತ್ರದ ಮೋಟಾರು. 1931ರಲ್ಲಿ ತಯಾರಾದ ಮಾದರಿಗೆ ಬಾಣಲೆಯ ಆಕಾರವಿದ್ದುದರಿಂದ ‘ಫ್ರೈಯಿಂಗ್ ಪ್ಯಾನ್’ ಎಂಬ ಹೆಸರು ನಿಂತಿತು. ಕುದುರೆ ಲಾಳದಂಥ ಎರಡು ಅಯಸ್ಕಾಂತಗಳು ತಂತಿಗಳನ್ನು ಮೇಲಿನಿಂದ ಅಪ್ಪಿಕೊಂಡಿದ್ದವು. ಅಡಾಲ್ಫ್ ರಿಕನ್‌ಬ್ಯಾಕರ್ ಜೊತೆ ಸೇರಿ 1932ರಲ್ಲಿ ಅದನ್ನು ಮಾರುಕಟ್ಟೆಗೆ ತಂದರೂ ಪೇಟೆಂಟ್ ಕೈಸೇರಿದ್ದು 1937ರಲ್ಲಿ. ಗಿಬ್ಸನ್ ಕಂಪನಿ 1936ರಲ್ಲಿ ಇಎಸ್-150 ತಂದಿತು. ಚಾರ್ಲಿ ಕ್ರಿಶ್ಚಿಯನ್ ಅದನ್ನು ಹಿಡಿದು 1939ರಲ್ಲಿ ಬೆನ್ನಿ ಗುಡ್‌ಮನ್ ತಂಡ ಸೇರಿದ ಮೇಲೆ, ಅಲ್ಲಿಯವರೆಗೆ ತಾಳಕ್ಕೆ ಜೊತೆಗೂಡುತ್ತಿದ್ದ ಗಿಟಾರು ಸ್ಯಾಕ್ಸೋಫೋನಿಗೆ ಸಮನಾಗಿ ನಿಂತಿತು.

ನಾದದ ಕವಲು ಸ್ಪಷ್ಟವಾಗಿ ಒಡೆದದ್ದು ಎರಡನೇ ಮಹಾಯುದ್ಧದ ನಂತರ. ಗಿಬ್ಸನ್ 1946ರಲ್ಲಿ ಪಿ-90 ಹೊರತಂದಿತು. ಅಗಲವಾದ ಬಾಬಿನ್, ಸುಮಾರು 10,000 ಸುತ್ತು, ತಳದಲ್ಲಿ ಎರಡು ಪಟ್ಟಿ ಅಯಸ್ಕಾಂತ, ನಡುವೆ ಉಕ್ಕಿನ ತಿರುಪುಗಳು. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ಬೇರೆ ದಾರಿ ಹಿಡಿದ. 1954ರ ಸ್ಟ್ರಾಟೋಕಾಸ್ಟರ್‌ನಲ್ಲಿ ಒಂದೊಂದು ತಂತಿಯ ಕೆಳಗೂ ಒಂದೊಂದು ಅಯಸ್ಕಾಂತದ ಕಡ್ಡಿ, ಅವುಗಳ ಸುತ್ತ ಕಿರಿದಾದ ಎತ್ತರದ ಸುರುಳಿ, ಸುಮಾರು 8,000 ಸುತ್ತು. ಸುತ್ತುಗಳ ಲೆಕ್ಕದಲ್ಲಿ ಕಾಲುಪಾಲು ವ್ಯತ್ಯಾಸವಷ್ಟೇ. ಆದರೆ ಪಿ-90ರ ಇಂಡಕ್ಟೆನ್ಸ್ (ವಿದ್ಯುತ್ತಿನ ಏರಿಳಿತಕ್ಕೆ ಸುರುಳಿ ಒಡ್ಡುವ ತಡೆಯ ಗುಣ) ಸ್ಟ್ರಾಟೋಕಾಸ್ಟರ್‌ನದ್ದರ ಎರಡು ಪಟ್ಟನ್ನೂ ಮೀರುತ್ತದೆ, ಏಕೆಂದರೆ ಸುರುಳಿಯೊಳಗಿನ ಉಕ್ಕು ಕಾಂತರೇಖೆಗಳನ್ನು ಅಯಸ್ಕಾಂತದ ಕಡ್ಡಿಗಿಂತ ಸಲೀಸಾಗಿ ಹಾಯಗೊಡುತ್ತದೆ.

ಇಂಡಕ್ಟೆನ್ಸಿಗೆ ಇಷ್ಟು ಮಹತ್ವ ಏಕೆಂದರೆ, ಪಿಕಪ್ ಒಂದು ಜರಡಿಯೂ ಹೌದು. ಸುರುಳಿಯ ಇಂಡಕ್ಟೆನ್ಸ್ ಮತ್ತು ಕೇಬಲಿನ ಕೆಪಾಸಿಟೆನ್ಸ್ ಸೇರಿ ಒಂದು ನಿರ್ದಿಷ್ಟ ಆವೃತ್ತಿಯಲ್ಲಿ ಅನುನಾದ ಉಂಟುಮಾಡುತ್ತವೆ. ಆ ಆವೃತ್ತಿಯ ಬಳಿಯ ಉಪಸ್ವರಗಳು ಉಬ್ಬಿ ಬರುತ್ತವೆ, ಅದಕ್ಕಿಂತ ಮೇಲಿನವು ಬೇಗ ಕ್ಷೀಣಿಸುತ್ತವೆ. ಸಾಮಾನ್ಯ ಕೇಬಲ್ ಸಿಕ್ಕಿಸಿದ ಸ್ಟ್ರಾಟೋಕಾಸ್ಟರ್‌ನಲ್ಲಿ ಈ ಉಬ್ಬು 3,000 ಹರ್ಟ್ಸ್‌ನಿಂದ 5,000 ಹರ್ಟ್ಸ್ ನಡುವೆ ಬೀಳುತ್ತದೆ. ಅಲ್ಲಿಯೇ ನಮ್ಮ ಕಿವಿ ಅತಿ ಚುರುಕು, ಆದ್ದರಿಂದಲೇ ಆ ಗಾಜಿನಂಥ ಹೊಳಪು. ಇಂಡಕ್ಟೆನ್ಸ್ ಹೆಚ್ಚಿದಂತೆ ಉಬ್ಬು ಕೆಳಗಿಳಿದು ನಾದ ದಪ್ಪವಾಗುತ್ತದೆ. ಮೂರು ಮೀಟರ್ ಕೇಬಲ್ ತೆಗೆದು ಆರು ಮೀಟರಿನದು ಸಿಕ್ಕಿಸಿ ನೋಡಿ: ಅದೇ ಕೈ, ಅದೇ ಗಿಟಾರು, ಆದರೂ ಮೊನಚು ಒಂದಿಷ್ಟು ಮೊಂಡಾಗಿರುತ್ತದೆ. ಧ್ವನಿ ತಿರುಗಿಸುವ ಗುಂಡಿಯ ಹಿಂದಿನ ರೆಸಿಸ್ಟರೂ ಲೆಕ್ಕಕ್ಕೆ ಬರುತ್ತದೆ. ಫೆಂಡರ್ ವಾಡಿಕೆಯಲ್ಲಿ ಅದು 250 ಕಿಲೋಓಮ್, ಗಿಬ್ಸನ್ ವಾಡಿಕೆಯಲ್ಲಿ 500. ಮೌಲ್ಯ ಕಡಿಮೆಯಾದಷ್ಟೂ ಉಬ್ಬು ಚಪ್ಪಟೆಯಾಗುತ್ತದೆ.

ಜಾಗದ ಪಾತ್ರ ವೀಣೆ ನುಡಿಸುವವರಿಗೆ ವಿವರಿಸಬೇಕಾಗಿಲ್ಲ. ಕುದುರೆಯ ಪಕ್ಕದಲ್ಲಿ ಮೀಟಿದರೆ ಬರುವ ಚೂಪು, ದೂರ ಸರಿದು ಮೀಟಿದರೆ ಬರುವ ಮಾರ್ದವ ಅವರ ಬೆರಳಿಗೇ ಗೊತ್ತು. ಮೀಟುವ ಜಾಗಕ್ಕಿರುವ ಈ ಗುಣ ಆಲಿಸುವ ಜಾಗಕ್ಕೂ ಇದೆ. ಸ್ಟ್ರಾಟೋಕಾಸ್ಟರ್‌ನ ತಂತಿಯ ಉದ್ದ 648 ಮಿ.ಮೀ. ಕುತ್ತಿಗೆಯ ಬಳಿಯ ಪಿಕಪ್ ಕೂತಿರುವುದು ಕುದುರೆಯಿಂದ ಹೆಚ್ಚುಕಡಿಮೆ ಅದರ ಕಾಲುಭಾಗದ ದೂರದಲ್ಲಿ. ಬಿಟ್ಟ ತಂತಿಯ ನಾಲ್ಕನೆಯ ಉಪಸ್ವರ ಆ ಬಿಂದುವಿನಲ್ಲಿ ಅಲುಗುವುದೇ ಇಲ್ಲ, ಹಾಗಾಗಿ ಪಿಕಪ್ಪಿಗೆ ಅದು ಸಿಗುವುದೂ ಇಲ್ಲ. ಬೆರಳೊತ್ತಿ ತಂತಿಯನ್ನು ಗಿಡ್ಡ ಮಾಡಿದ ಕೂಡಲೇ ಈ ಲೆಕ್ಕ ಬದಲಾಗುತ್ತದೆ.

ಒಂದೇ ಸುರುಳಿಯ ಪಿಕಪ್ಪಿಗೆ ಅಂಟಿದ ಶಾಪವೆಂದರೆ ಹಮ್. ಸುತ್ತಲಿನ ಟ್ರಾನ್ಸ್‌ಫಾರ್ಮರು, ಟ್ಯೂಬ್‌ಲೈಟು, ಗೋಡೆಯ ವೈರಿಂಗು ಎಲ್ಲದರ ಗುಂಯ್‌ಗುಟ್ಟುವಿಕೆಯನ್ನೂ ಅದು ಹಿಡಿದು ತರುತ್ತದೆ. ಅದರ ಮೂಲ ಶ್ರುತಿ ಅಮೆರಿಕದಲ್ಲಿ 60 ಹರ್ಟ್ಸ್, ನಮ್ಮಲ್ಲಿ 50. ಮಿಶಿಗನ್‌ನ ಕ್ಯಾಲಮಜೂ ಊರಿನ ಗಿಬ್ಸನ್ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದ ಸೆತ್ ಲವರ್ ಇದಕ್ಕೆ ಹುಡುಕಿದ ಮದ್ದು ಸೊಗಸಾಗಿದೆ. ಎರಡು ಸುರುಳಿಗಳನ್ನು ಪಕ್ಕಪಕ್ಕ ಇಟ್ಟು, ಒಂದರ ಸುತ್ತನ್ನೂ ಅದರ ಅಯಸ್ಕಾಂತದ ಧ್ರುವವನ್ನೂ ತಿರುವುಮುರುವು ಮಾಡಿದ. ಹೊರಗಿನಿಂದ ಬಂದ ಹಮ್ ಎರಡರಲ್ಲೂ ವಿರುದ್ಧವಾಗಿ ಹುಟ್ಟಿ ಒಂದನ್ನೊಂದು ಅಳಿಸಿಹಾಕುತ್ತದೆ. ತಂತಿಯ ಸಂಕೇತ ಮಾತ್ರ ಎರಡು ಸಲ ತಿರುವಾಗುವುದರಿಂದ ಕೂಡಿಕೊಳ್ಳುತ್ತದೆ. 1955ರ ಜೂನ್‌ನಲ್ಲಿ ಅರ್ಜಿ ಹೋಯಿತು, 1959ರ ಜುಲೈನಲ್ಲಿ ಪೇಟೆಂಟ್ ಬಂತು. ನಡುವಿನ ವರ್ಷಗಳಲ್ಲಿ ‘ಪೇಟೆಂಟ್ ಅಪ್ಲೈಡ್ ಫಾರ್’ ಎಂಬ ಚೀಟಿ ಅಂಟಿಸಿ ಮಾರಿದವುಗಳನ್ನು ವಾದಕರು ಇಂದಿಗೂ ‘ಪಿಎಎಫ್’ ಎಂದೇ ಕರೆಯುತ್ತಾರೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ರೇ ಬಟ್ಸ್ ಕೂಡ ಗ್ರೆಚ್ ಕಂಪನಿಗಾಗಿ ಎರಡು ಸುರುಳಿಯ ಪಿಕಪ್ ರೂಪಿಸಿದ್ದ.

ಲವರ್ ಓಡಿಸಲು ಹೊರಟದ್ದು ಹಮ್ಮನ್ನು. ಜೊತೆಗೆ ನಾದವೇ ಬದಲಾಯಿತು. ಎರಡು ಸುರುಳಿ ತಂತಿಯನ್ನು ಎರಡು ಕಡೆ ಆಲಿಸುವುದರಿಂದ ಕೆಲವು ಎತ್ತರದ ಉಪಸ್ವರಗಳು ಪರಸ್ಪರ ಕಳೆದುಹೋಗುತ್ತವೆ, ಇಂಡಕ್ಟೆನ್ಸ್ ಕೂಡ ಏರುತ್ತದೆ. ಇಷ್ಟಾದರೂ ಪಿಎಎಫ್‌ಗಳಲ್ಲಿ ಒಂದರಂತೆ ಒಂದಿಲ್ಲ. ಸುರುಳಿಗಳ ವಿದ್ಯುತ್ ರೋಧದಲ್ಲಿ ಕೆಲವು 7 ಕಿಲೋಓಮ್ ಆಸುಪಾಸಿನಲ್ಲಿದ್ದರೆ ಕೆಲವು 9ರ ಹತ್ತಿರ ಹೋಗುತ್ತವೆ. ಸುತ್ತುಗಳ ಎಣಿಕೆಯಲ್ಲಿ ಬಿಗಿಯಿರಲಿಲ್ಲ, ಒಳಗಿನ ಆಲ್ನಿಕೋ ಅಯಸ್ಕಾಂತದ ದರ್ಜೆಯೂ ಕೈಗೆ ಸಿಕ್ಕಂತೆ ಬದಲಾಗುತ್ತಿತ್ತು. ಎರಡು ಸುರುಳಿಗಳು ಸರಿಸಮ ಇಲ್ಲದಿದ್ದರೆ ಉಪಸ್ವರಗಳು ಪೂರ್ತಿ ಅಳಿಯದೆ ಒಂದಿಷ್ಟು ಹೊಳಪು ಉಳಿಯುತ್ತದೆ. 1957ರಿಂದ 1960ರವರೆಗಿನ ಲೆಸ್ ಪಾಲ್ ಗಿಟಾರುಗಳ ಬೆಲೆ ಆಕಾಶಕ್ಕೇರಿರುವುದರ ಹಿಂದೆ ಈ ಅಸಮತೆಯ ಕಾಣಿಕೆ ದೊಡ್ಡದು.

ಫೆಂಡರ್‌ನಲ್ಲೂ ಕೈಯ ಗುರುತು ಉಳಿದಿದೆ. 1956ರಲ್ಲಿ ಕೆಲಸಕ್ಕೆ ಸೇರಿದ ಅಬಿಗೇಲ್ ಇಬಾರಾ ದಶಕಗಳ ಕಾಲ ಅಲ್ಲಿ ಸುರುಳಿ ಸುತ್ತಿದರು. ಬಾಬಿನನ್ನು ತಿರುಗಿಸುವುದು ಯಂತ್ರ; ಸುಮಾರು 0.06 ಮಿ.ಮೀ. ದಪ್ಪದ, ತಲೆಗೂದಲಿನಷ್ಟು ಸಪೂರವಾದ ಎಳೆಯನ್ನು ಎರಡು ಬೆರಳ ನಡುವೆ ಹಿಡಿದು ಅತ್ತಿಂದಿತ್ತ ನಡೆಸುವುದು ಕೈ. ಎಳೆತ ಬಿಗಿಯಾದರೆ ಎಳೆ ಹರಿಯುತ್ತದೆ, ಸಡಿಲವಾದರೆ ಸುರುಳಿ ಜಾಳಾಗುತ್ತದೆ. ಕೈಯಲ್ಲಿ ಸುತ್ತಿದಾಗ ಪದರಗಳು ಒತ್ತೊತ್ತಾಗಿ ಕೂರದೆ ಚದುರುವುದರಿಂದ ಸುರುಳಿಯೊಳಗಿನ ಕೆಪಾಸಿಟೆನ್ಸ್ ತಗ್ಗುತ್ತದೆ. ಅವರು ಸುತ್ತಿ ಸಹಿ ಹಾಕಿದ ಪಿಕಪ್ಪುಗಳನ್ನು ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ. ಸ್ಟ್ರಾಟೋಕಾಸ್ಟರ್‌ನ ಅಯಸ್ಕಾಂತಗಳ ಏರುತಗ್ಗಿನಲ್ಲೂ ಒಂದು ಕಾಲದ ಗುರುತಿದೆ. ಅಂದಿನ ಮೂರನೆಯ ತಂತಿಗೆ ಮೇಲೊಂದು ಸುತ್ತುತಂತಿ ಇರುತ್ತಿತ್ತು. ಆ ಲೆಕ್ಕಕ್ಕೆ ಎತ್ತರಿಸಿದ ಕಡ್ಡಿಯ ಮೇಲೆ ಇಂದಿನ ಬರಿ ಉಕ್ಕಿನ ತಂತಿ ಮಿಕ್ಕವನ್ನು ಮೀರಿ ಕೂಗುತ್ತದೆ.

1972ರಲ್ಲಿ ಲ್ಯಾರಿ ಡಿಮಾರ್ಜಿಯೋ ‘ಸೂಪರ್ ಡಿಸ್ಟಾರ್ಶನ್’ ತಂದ ಮೇಲೆ ಪಿಕಪ್ ಬಿಡಿಯಾಗಿ ಕೊಳ್ಳುವ ವಸ್ತುವಾಯಿತು. ಎಡ್ಡಿ ವ್ಯಾನ್ ಹೇಲನ್ ಸ್ಟ್ರಾಟೋಕಾಸ್ಟರ್ ಆಕಾರದ ಮರಕ್ಕೆ ಗಿಬ್ಸನ್‌ನ ಎರಡು ಸುರುಳಿಯ ಪಿಕಪ್ ಕೂರಿಸಿಕೊಂಡು 1978ರ ಮೊದಲ ಆಲ್ಬಂನಲ್ಲಿ ನುಡಿಸಿದ್ದು ಒಂದು ತಲೆಮಾರಿನ ಕೈಗೆ ಬೆಸುಗೆ ಕಡ್ಡಿ ಕೊಟ್ಟಿತು. ರಾಬ್ ಟರ್ನರ್‌ನ ಇಎಂಜಿ ಪಿಕಪ್ಪುಗಳು 9 ವೋಲ್ಟ್ ಬ್ಯಾಟರಿಯ ಕಿರು ಆಂಪ್ಲಿಫೈಯರನ್ನು ಒಳಗೇ ಇಟ್ಟುಕೊಂಡು, ಕೇಬಲಿನ ಉದ್ದ ನಾದವನ್ನು ಕೆಡಿಸದಂತೆ ಮಾಡಿದವು.

ಗಿಟಾರಿನ ಮರ ನಾದವನ್ನು ಎಷ್ಟು ನಿರ್ಧರಿಸುತ್ತದೆ ಎಂಬ ಜಗಳ ಮುಗಿದಿಲ್ಲ. ಪಿಕಪ್, ಅದರ ಜಾಗ, ತಂತಿ ಮತ್ತು ಕೇಬಲ್ ಬದಲಾಗದಿದ್ದರೆ ಮರ ತರುವ ವ್ಯತ್ಯಾಸ ಸಣ್ಣದು ಎಂಬುದೇ ಈ ಲೇಖಕನ ಅಭಿಪ್ರಾಯ. ಪಿಕಪ್ಪಿನ ಎರಡು ಬದಿಯ ತಿರುಪುಗಳು ತರುವ ವ್ಯತ್ಯಾಸ ಅದಕ್ಕಿಂತ ದೊಡ್ಡದು. ಮೇಲೆತ್ತಿದರೆ ಸದ್ದು ಜೋರಾಗುತ್ತದೆ; ಸ್ಟ್ರಾಟೋಕಾಸ್ಟರ್‌ನಂಥವುಗಳಲ್ಲಿ ಅತಿಯಾಗಿ ಎತ್ತಿದರೆ ಅಯಸ್ಕಾಂತ ತಂತಿಯನ್ನೇ ಎಳೆದು, ಕುತ್ತಿಗೆಯ ಮೇಲ್ಭಾಗದಲ್ಲಿ ಒತ್ತಿದ ದಪ್ಪ ತಂತಿಯ ಶ್ರುತಿ ನಡುಗುತ್ತದೆ. ಕೊನೆಯ ಫ್ರೆಟ್ಟಿನಲ್ಲಿ ತಂತಿಯನ್ನು ಒತ್ತಿ ಹಿಡಿದು, ಆ ನಡುಕ ನಿಲ್ಲುವವರೆಗೆ ತಿರುಪನ್ನು ಅರ್ಧರ್ಧ ಸುತ್ತು ಇಳಿಸುವುದು ರಿಪೇರಿಯವರ ರೂಢಿ.