‘ಚಾ ಆತೇನ್ರಿ?’

ಕನ್ನಡದ ‘ಆಗು’ ಧಾತು ಎಲ್ಲ ನಾಮಪದಗಳಿಗೂ ಒಂದೇ ಬಗೆಯಲ್ಲಿ ಒಲಿಯುವುದಿಲ್ಲ. ಮಳೆಯಾಗುತ್ತದೆ, ಮದುವೆಯಾಗುತ್ತದೆ, ಊಟವಾಗುತ್ತದೆ. ಆದರೆ ‘ನೀರಾಯಿತೇ’ ಎಂದು ಕೇಳಿದರೆ ಅದನ್ನು ‘ನೀರು ಕುಡಿದಿರಾ’ ಎಂಬ ಪ್ರಶ್ನೆಯೆಂದು ಯಾರೂ ತಿಳಿಯುವುದಿಲ್ಲ, ‘ಮಜ್ಜಿಗೆಯಾಯಿತೇ’ ಎಂದರೆ ಕಡೆಗೋಲಿನ ಕೆಲಸ ಮುಗಿಯಿತೇ ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ಕಾಲದಲ್ಲಿ ತನ್ನದೇ ಆದ ಜಾಗ ಪಡೆದು ನಾಲ್ವರಿಗೆ ಗೊತ್ತಾಗುವಂತೆ ನಡೆದುಹೋಗುವ ಸಂಗತಿಗಳೇ ಈ ಅರ್ಥದಲ್ಲಿ ‘ಆಗುವಂಥವು’. ಬೆಳಗಾವಿಯ ಕ್ಯಾಂಪಿನಿಂದ ಖಾನಾಪುರದವರೆಗೆ ಮುಂಜಾನೆ ಎದುರಾದವರು ಪರಸ್ಪರ ಕೇಳುವ ‘ಚಾ ಆತೇನ್ರಿ?’ ಎಂಬ ಪ್ರಶ್ನೆಯ ವಿಶೇಷವೂ ಇಲ್ಲಿಯೇ ಇದೆ: ಒಂದು ಪಾನೀಯದ ಹೆಸರು ಮಳೆ, ಮದುವೆ, ಊಟಗಳ ಸಾಲಿಗೆ ಸೇರಿ, ವಸ್ತುವಾಗಿದ್ದುದು ಘಟನೆಯಾಗಿದೆ. ಮೈಸೂರು ಸೀಮೆಯಲ್ಲಿ ಈ ಬಡ್ತಿ ಕಾಫಿಗೆ ದೊರೆತಿದ್ದರೆ, ಬೆಳಗಾವಿ ಸೀಮೆಯಲ್ಲಿ ಅದು ಚಹಾಕ್ಕೆ ದೊರೆತಿದೆ.

ಈ ಪದ ಬಂದ ದಾರಿ ಉದ್ದವಾದುದು. ಚೀನೀ ಲಿಪಿಯ ಒಂದೇ ಅಕ್ಷರವನ್ನು ಆ ದೇಶದ ಬಹುಭಾಗದಲ್ಲಿ ‘ಚಾ’ ಎಂದೂ ಫೂಜಿಯಾನ್ ಕರಾವಳಿಯ ಆಡುನುಡಿಯಲ್ಲಿ ‘ತೆ’ ಎಂದೂ ಉಚ್ಚರಿಸುವುದರಿಂದ, ಜಗತ್ತಿನ ಹೆಚ್ಚಿನ ಭಾಷೆಗಳು ಈ ಎರಡು ರೂಪಗಳಲ್ಲಿ ಒಂದನ್ನು ಎತ್ತಿಕೊಂಡಿವೆ. ಫೂಜಿಯಾನ್ ಬಂದರುಗಳ ವ್ಯಾಪಾರಕ್ಕೆ ಹೊಂದಿಕೊಂಡಿದ್ದ ಡಚ್ಚರ ಮೂಲಕ ‘ತೆ’ ಯುರೋಪು ಸೇರಿ ಇಂಗ್ಲಿಷಿನ ‘ಟೀ’ ಆಯಿತು. ನೆಲದ ದಾರಿ ಹಿಡಿದ ‘ಚಾ’ ಪಾರಸಿಯಲ್ಲಿ ‘ಚಾಯ್’ ಆಗಿ ಹಿಂದಿ, ಉರ್ದುಗಳಿಗೆ ಇಳಿಯಿತು. ಮಕಾವುದಲ್ಲಿ ನೆಲೆಯೂರಿದ್ದ ಪೋರ್ಚುಗೀಸರು ‘ಶಾ’ ಎಂದು ತಮ್ಮ ನಾಲಗೆಗೆ ಒಗ್ಗಿಸಿಕೊಂಡರು. ಕನ್ನಡದ ‘ಚಹಾ’ ಬರವಣಿಗೆಯಲ್ಲಿ ಮರಾಠಿಯ ರೂಪವನ್ನೇ ಹೋಲುತ್ತದೆಯಾದರೂ ಮಾತಿನಲ್ಲಿ ನಡುವಿನ ಹಕಾರ ಕರಗಿ ‘ಚಾ’ ಎಂದೇ ಉಳಿಯುವುದರಿಂದ, ಬೆಳಗಾವಿಯ ಬಾಯಿಯಲ್ಲಿ ಪದವು ಸಾವಿರಾರು ಮೈಲಿ ಸುತ್ತಿ ತನ್ನ ಹುಟ್ಟುರೂಪಕ್ಕೇ ಮರಳಿದಂತಾಗಿದೆ.

ಈ ರೂಪಗಳೆಲ್ಲ ಒಂದೇ ಬೀದಿಯಲ್ಲಿ ಕೇಳಿಸುವ ಜಾಗ ಕ್ಯಾಂಪ್. ಸೇನಾ ನೆಲೆಯ ಸುತ್ತ ಬೆಳೆದ ವಸತಿಯನ್ನು ಬೆಂಗಳೂರಿನವರು ‘ದಂಡು’ ಎಂದು ಕರೆದರೆ ಬೆಳಗಾವಿಯವರು ‘ಕ್ಯಾಂಪ್’ ಎನ್ನುತ್ತಾರೆ. ಬಯಲು ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದ ಈ ಪದಕ್ಕೆ ತಾತ್ಕಾಲಿಕ ಬಿಡಾರ ಎಂಬ ಅರ್ಥವಿದ್ದರೂ, 1818ರಲ್ಲಿ ಬೆಳಗಾವಿಯ ಕೋಟೆ ಬ್ರಿಟಿಷರ ವಶವಾದ ಮೇಲೆ ಬಂದಿಳಿದ ಬಿಡಾರ ಮತ್ತೆ ಏಳಲಿಲ್ಲ. ಅಲ್ಲಿ ಇಂಗ್ಲಿಷ್ ಶಾಲೆಗಳ ‘ಟೀ’, ಉರ್ದು ಮನೆಗಳ ‘ಚಾಯ್’, ಮರಾಠಿ ಮತ್ತು ಕನ್ನಡ ಮನೆಗಳ ‘ಚಹಾ’ ಒಂದರ ಪಕ್ಕ ಒಂದು ಬಾಳುತ್ತವೆ. ಜಿಲ್ಲೆಯು 1956ರ ನವೆಂಬರ್ 1ರವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿದ್ದು ಆ ದಿಕ್ಕಿನ ಪೇಟೆ, ರೈಲು, ರೂಢಿಗಳೊಡನೆ ಬೆಸೆದುಕೊಂಡಿದ್ದುದನ್ನು ನೆನೆದರೆ, ಕಾಫಿ ಬೆಳೆಯುವ ರಾಜ್ಯದ ಈ ಮೂಲೆಯಲ್ಲಿ ಚಹಾವೇ ಮನೆಮಾತಾದುದು ಸೋಜಿಗವೆನಿಸುವುದಿಲ್ಲ. ಜನಸಾಮಾನ್ಯರಲ್ಲಿ ಈ ರೂಢಿ ತೀರ ಹಳೆಯದೂ ಅಲ್ಲ. ರಫ್ತಾಗುವ ಚಹಾದ ಮೇಲೆ 1903ರ ಕಾಯ್ದೆಯಂತೆ ವಿಧಿಸಿದ ಕರದ ಹಣದಿಂದ ದೇಶದೊಳಗೆ ಪ್ರಚಾರ ನಡೆದು, ರೈಲು ನಿಲ್ದಾಣಗಳಲ್ಲಿ ಚಹಾ ಮಾಡುವ ಕ್ರಮವನ್ನು ಫಲಕ ಹಾಕಿ ಕಲಿಸಬೇಕಾಗಿತ್ತು. ಎಲೆಯನ್ನು ಜಜ್ಜಿ, ಹರಿದು, ಉಂಡೆಗಟ್ಟಿಸುವ ‘ಸಿಟಿಸಿ’ ಯಂತ್ರವು 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಬಂದು, ಮುಂದೆ ಅದರ ಅಗ್ಗದ, ಬೇಗ ಬಣ್ಣ ಬಿಡುವ ಪುಡಿ ಹರಡಿದ ಮೇಲೆಯೇ ಚಹಾ ಬಡವರ ಒಲೆಗೂ ಏರಿತು.

‘ಆಗು’ ಎಂಬ ಕ್ರಿಯೆಯಲ್ಲಿ ಚಹಾಕ್ಕೆ ಹತ್ತಿರದ ನೆಂಟಸ್ತಿಕೆ ಇರುವುದು ಮಳೆಯೊಡನೆ. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ಬೆಳಗಾವಿಗೆ ಜೂನ್ ತಿಂಗಳಿನಿಂದ ಮಲೆನಾಡಿನ ಗಾಳಿ ಹಿಡಿಯುತ್ತದೆ. ಖಾನಾಪುರ ತಾಲ್ಲೂಕಿನ ಪಶ್ಚಿಮ ಅಂಚಿನಲ್ಲಿ, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ, ಮಳೆ ದಿನಗಟ್ಟಲೆ ಹಿಡಿದು ಕೂರುತ್ತದೆ. ಅದೇ ಜಿಲ್ಲೆಯ ಅಥಣಿಯಲ್ಲಿ ‘ಮಳಿ ಆತೇನ್ರಿ?’ ಎಂಬುದು ಬಿತ್ತನೆಯ ಚಿಂತೆ ಹೊತ್ತ ನಿಜವಾದ ಪ್ರಶ್ನೆಯಾದರೆ, ಖಾನಾಪುರದ ಹಂಚಿನ ಮಾಡಿನ ಕೆಳಗೆ ಅದಕ್ಕೆ ಉತ್ತರ ಬೇಕಾಗಿಲ್ಲ, ಮಾಡೇ ಹೇಳುತ್ತಿರುತ್ತದೆ. ಆದುದರಿಂದ ಅಲ್ಲಿ ಗೆಳೆಯರ ಹವೆಯ ಮಾತು ಹೆಚ್ಚು ದೂರ ಹೋಗುವುದಿಲ್ಲ. ‘ಭಾಳ ಥಂಡಿ ಐತಿ’ ಎಂಬ ವಾಕ್ಯ ಹವಾಮಾನದ ವರದಿಯಂತೆ ಕಂಡರೂ ಅದರ ತಾತ್ಪರ್ಯ ‘ಒಂದ್ ಚಾ ಹೇಳ್ರಿ’ ಎಂಬುದೇ ಆಗಿರುತ್ತದೆ.

‘ಹೇಳು’ ಎಂಬ ಈ ಕ್ರಿಯಾಪದವೂ ಗಮನಿಸತಕ್ಕದ್ದು. ಅಂಗಡಿಯಲ್ಲಿ ಚಹಾವನ್ನು ತರಿಸುವುದಕ್ಕೆ ‘ಚಾ ಹೇಳು’ ಎನ್ನುತ್ತಾರೆ, ಹೇಳಿದವನೇ ದುಡ್ಡು ಕೊಡತಕ್ಕವನು ಎಂಬ ಒಪ್ಪಂದ ಆ ಮಾತಿನಲ್ಲೇ ಅಡಗಿದೆ. ಇನ್ನು ‘ಕುಡಿ’ ಎಂಬ ಧಾತುವಿನ ಸ್ಥಿತಿ ತುಸು ಇಕ್ಕಟ್ಟಿನದು: ಕರ್ಮಪದವಿಲ್ಲದೆ ‘ಆಂವ ಕುಡಿತಾನ’ ಎಂದರೆ ಅದು ಸೆರೆಯ ಚಟದ ಮಾತಾಗುವುದರಿಂದ, ಅತಿಥಿಯನ್ನು ಉಪಚರಿಸುವಾಗ ‘ಚಾ ತೊಗೋರಿ’ ಎಂಬುದೇ ಹೆಚ್ಚು ಮರ್ಯಾದೆಯೆನಿಸುತ್ತದೆ. ‘ಆಗೇದ್ರಿ’ ಎಂದು ಅತಿಥಿ ತಪ್ಪಿಸಿಕೊಳ್ಳ ನೋಡಿದರೆ ‘ಅರ್ಧಾ ಕಪ್ಪರ ತೊಗೋರಿ’ ಎಂಬ ಎರಡನೆಯ ಮಾತು ಸಿದ್ಧವಿರುತ್ತದೆ. ಇಲ್ಲಿ ‘ಅರ್ಧಾ’ ಎಂಬುದು ಅಳತೆಯನ್ನಲ್ಲ, ಒತ್ತಾಯದ ಮೃದುತ್ವವನ್ನು ಸೂಚಿಸುತ್ತದೆ. ಬರುವ ಕಪ್ಪು ಬಹುಮಟ್ಟಿಗೆ ತುಂಬಿಯೇ ಇರುತ್ತದೆ. ಕಪ್ಪಿನ ಕೆಳಗಿನ ತಟ್ಟೆಗೆ ಈ ಸೀಮೆಯಲ್ಲಿ ‘ಬಸಿ’ ಎಂದು ಹೆಸರು. ಹಿರಿಯರು ಚಹಾವನ್ನು ಬಸಿಗೆ ಸುರಿದು, ಅಗಲಕ್ಕೆ ಹರಡಿ ಬೇಗ ಆರುವಂತೆ ಮಾಡಿ, ಎರಡು ಕೈಯಿಂದ ತುಟಿಗೆತ್ತಿ ಸುರ್ರೆಂದು ಹೀರುವಾಗ ಕಪ್ಪು ಬರಿಯ ಹೂಜಿಯಾಗಿ, ಬಸಿಯೇ ಪಾತ್ರೆಯಾಗುತ್ತದೆ. ಒಂದೇ ಚಹಾವನ್ನು ಇಬ್ಬರು ಹಂಚಿಕೊಂಡರೆ ಕಪ್ಪು ಒಬ್ಬನಿಗೆ, ಬಸಿ ಇನ್ನೊಬ್ಬನಿಗೆ. ಹಸಿ ಶುಂಠಿಗೆ ಇಲ್ಲಿ ‘ಅಲ್ಲ’ ಎನ್ನುವುದರಿಂದ, ‘ಅಲ್ಲದ ಚಾ’ ಎಂಬುದನ್ನು ಕೇಳಿದ ದಕ್ಷಿಣದ ಕನ್ನಡಿಗ ಅದು ಚಹಾವೇ ಅಲ್ಲವೆಂದು ತಿಳಿದರೆ ಆಶ್ಚರ್ಯವಿಲ್ಲ.

ದಿನದ ಹೊತ್ತುಗಳನ್ನು ಹೊಲಿಯುವ ದಾರವೂ ಈ ಪದವೇ. ಮುಂಜಾನೆಯ ತಿಂಡಿಗೆ ಇಲ್ಲಿ ‘ನಾಷ್ಟಾ’ ಎಂಬ ಹೆಸರಿದೆ. ಪಾರಸಿಯಲ್ಲಿ ಬರಿಹೊಟ್ಟೆಯಲ್ಲಿರುವುದನ್ನು ಸೂಚಿಸುತ್ತಿದ್ದ ಪದ ಇಲ್ಲಿ ಹೊಟ್ಟೆ ತುಂಬಿಸುವುದಕ್ಕೆ ಹೆಸರಾಗಿದೆ. ನಾಷ್ಟಾ, ಊಟಗಳಿಗೆ ಮನೆಯ ಒಲೆ, ಹಸಿವೆ, ಮಡಿ, ಜಾತಿಗಳ ಕಟ್ಟಿರುವುದರಿಂದ ‘ಊಟ ಆತೇನ್ರಿ?’ ಎಂದು ಕೇಳಿದವನಿಗೆ ‘ಇಲ್ಲ’ ಎಂಬ ಉತ್ತರ ಬಂದರೆ ತುಸು ಭಾರವೇ. ‘ಚಾ ಆತೇನ್ರಿ?’ ಎಂಬುದಕ್ಕೆ ‘ಇಲ್ಲ’ ಎಂದರೆ ಕೇಳಿದವನಿಗೂ ಸಂತೋಷ, ಏಕೆಂದರೆ ಅದರ ಪರಿಹಾರ ಎದುರಿನ ಅಂಗಡಿಯಲ್ಲೇ ಇರುತ್ತದೆ.

ಹೀಗಿರುವಾಗ ‘ಚಹಾ: ಒಂದು ಪಾನೀಯ’ ಎಂಬ ಅರ್ಥವಿವರಣೆ ಬೆಳಗಾವಿಯ ಮಟ್ಟಿಗೆ ಸಾಲದು. ಆ ಪದದ ತೂಕ ತಿಳಿಯುವುದು ಅದು ತಪ್ಪಿದಾಗ. ಯಾರದೋ ಮನೆಗೆ ಹೋಗಿ ಬೇಸತ್ತು ಮರಳಿದವರು ‘ಒಂದ್ ಕಪ್ ಚಾ ಸುದ್ದಾ ಕೊಡಲಿಲ್ಲ’ ಎನ್ನುವುದಕ್ಕಿಂತ ಹೆಚ್ಚಾಗಿ ‘ಚಾ ಸುದ್ದಾ ಕೇಳಲಿಲ್ಲ’ ಎನ್ನುತ್ತಾರೆ.